ನನ್ನ ಗಂಡನಿಗಾಗಿ ಅತ್ತ ಯಂತ್ರಕ್ಕೆ

ರಾಜಧಾನಿ ಬಿಷ್ಕೆಕ್‌ನಿಂದ ಬೆಟ್ಟ ಹತ್ತಿ ನಮ್ಮ ನರೀನ್ ಸೀಮೆಯ ಈ ಸಣ್ಣ ಊರಿನವರೆಗೆ ದಯಮಾಡಿಸಿ, ನನ್ನ ಗಂಡ ಕಪಾರ್ ತೀರಿಕೊಂಡಾಗ ನನ್ನ ಪರವಾಗಿ ಅತ್ತ ಮಾನ್ಯ ಅಳುವ ಯಂತ್ರದವರ ಸನ್ನಿಧಿಗೆ, ಆ ಸಾವಿನಿಂದ ವಿಧವೆಯಾದ ಉರ್ಕಿಯಾ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ತಂತಿಗಳು ಸಡಿಲವಾಗದಿರಲಿ, ಗಂಟಲಿಗೆ ದೂಳು ಸೇರದಿರಲಿ, ತಮ್ಮ ಬ್ಯಾಟರಿ ನೂರ್ಕಾಲ ಬಾಳಲಿ. ನಮ್ಮ ಕಡೆ ಮೊದಲು ದನಕುರಿಗಳ ಕ್ಷೇಮ ಕೇಳಿ ಆಮೇಲೆ ಮನುಷ್ಯರದ್ದು ಕೇಳುವ ಪದ್ಧತಿ. ತಾವು ಎರಡೂ ಅಲ್ಲದ್ದರಿಂದ ಯಾವ ಸಾಲಿಗೆ ಸೇರಿಸಬೇಕೆಂದು ತಿಳಿಯದೆ ಸದ್ಯಕ್ಕೆ ಕುರಿಗಳ ಸಾಲಿಗೆ ಸೇರಿಸಿದ್ದೇನೆ, ತಪ್ಪಾಗಿದ್ದರೆ ದೊಡ್ಡ ಮನಸ್ಸು ಮಾಡಬೇಕು.

ದೂರು ಹೇಳುವ ಮೊದಲು, ತಮ್ಮಂಥವರನ್ನು ಈ ಬಡವರ ಅಂಗಳಕ್ಕೆ ಯಾಕೆ ಕರೆಸಬೇಕಾಯಿತೆಂದು ನಿವೇದಿಸಿಕೊಳ್ಳುತ್ತೇನೆ. ಕಪಾರ್ ಕುದುರೆಗೆ ಜೀನು ಬಿಗಿಯುತ್ತಿದ್ದವನು ಬಿಗಿಯುತ್ತಿದ್ದ ಹಾಗೆಯೇ ಕುಸಿದುಹೋದ. ಅಂಗಳದಲ್ಲಿ ಉಣ್ಣೆಗುಡಾರ ಎದ್ದಿತು, ಅವನನ್ನು ಅದರೊಳಗೆ ಮಲಗಿಸಿದರು, ನನಗೆ ಕಪ್ಪು ಉಡಿಸಿ ಗುಡಾರದ ಗೋಡೆಗೆ ಮುಖ ಮಾಡಿ ಕೂರಿಸಿದರು. ಗಂಡಸರು ಹೊರಗೆ ಕೋಲೂರಿ ನಿಂತು ಗೋಳಾಡಬೇಕು, ಹೆಂಡತಿಯಾದವಳು ಒಳಗೆ ಗಂಡನ ಗುಣಗಾನ ಮಾಡುತ್ತ ರಾಗವಾಗಿ ಅಳಬೇಕು. ನಮ್ಮ ತಾಯಂದಿರು ಅತ್ತದ್ದು ಹಾಗೆಯೇ. ನಾನೂ ಬಾಯಿ ತೆರೆದೆ. ಆದರೆ ಬಾಯಿಗೆ ಬಂದದ್ದು, "ಕುದಿಯೋ ಚಹಾ ಕೊಟ್ರೂ ತಣ್ಣಗಿದೆ ಅಂತಿದ್ದವನೇ" ಎಂಬ ಸಾಲು. ಪಕ್ಕದಲ್ಲಿ ಕೂತಿದ್ದ ಕಪಾರ್‌ನ ಅಕ್ಕ, ನನ್ನ ಬುರುಲ್ ಅತ್ತಿಗೆ, ತೊಡೆ ಚಿವುಟಿದರು. "ಏನೇ ಇದು, ಸತ್ತವನನ್ನ ಬೈತಾ ಇದೀಯಾ? ನನ್ನ ತಮ್ಮನ್ನ ಊರೆದುರಿಗೆ ನಗೆಪಾಟಲು ಮಾಡ್ತೀಯಾ?" ಎಂದರು. "ಬೈತಿಲ್ಲ ಅತ್ತಿಗೆ, ನೆನಪಿಗೆ ಬಂದಿದ್ದೇ ಅದು" ಎಂದೆ. "ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ. ಅಳೋಕೆ ಬೇರೆಯವರನ್ನ ಕರೆಸ್ತೀನಿ" ಎಂದು ಅತ್ತಿಗೆ ಫೋನ್ ಹಿಡಿದುಕೊಂಡು ಹೊರಗೆ ಹೋದರು. ಮಾರನೆಯ ಬೆಳಿಗ್ಗೆ, ಹಿಟ್ಟಿನ ಪೆಟ್ಟಿಗೆಯಷ್ಟು ದೊಡ್ಡವರಾದ ತಾವು ಕಾರಿನಿಂದ ಇಳಿದಿರಿ.

ತಮ್ಮ ಪ್ರತಿಭೆಯನ್ನು ಹೊಗಳಲು ನನ್ನ ನಾಲಿಗೆ ಸಾಲದು. ಸತ್ತವನ ಮುಖವನ್ನೇ ನೋಡದೆ, ಅವನ ಕೈಯ ಒಂದು ಲೋಟ ನೀರನ್ನೂ ಕುಡಿಯದೆ, ಬರೀ ಫೋನಿನಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳಿಂದ ತಾವು ಹಾಡು ಕಟ್ಟಿದಿರಿ. ಆ ಪ್ರಶ್ನೆಗಳಾದರೂ ಎಷ್ಟು ನಯವಾದವು! "ಮೃತರು ಧೈರ್ಯವಂತರೇ, ಬಹಳ ಧೈರ್ಯವಂತರೇ?" "ಉದಾರಿಗಳೇ, ಅತ್ಯಂತ ಉದಾರಿಗಳೇ?" ಎಂದು ತಾವು ಕೇಳಿದಿರಿ, ಅತ್ತಿಗೆ ಎಲ್ಲಕ್ಕೂ ಎರಡನೆಯದನ್ನೇ ಆರಿಸಿದರು. ಹೀಗಾಗಿ ನನ್ನ ಗಂಡ ಬಯಲಿನ ಸಿಂಹನಾದ, ಅನಾಥರ ತಂದೆಯಾದ, ಜನಕ್ಕೆ ದಾರಿ ತೋರಿದ ದೀಪವಾದ. ಕುದುರೆಯ ಮೇಲೆ ಕೂತು ಮೇಕೆಯ ಮುಂಡಕ್ಕಾಗಿ ಕಿತ್ತಾಡುವ ನಮ್ಮ ಆಟದಲ್ಲಿ ಕಪಾರ್ ಜೀವಮಾನವೆಲ್ಲ ಬದಲಿ ಆಟಗಾರನಾಗಿದ್ದು, ಮೈದಾನಕ್ಕಿಳಿದ ಒಂದೇ ಒಂದು ಸಲ ಎದುರು ತಂಡದ ಗುಂಡಿಗೆ ಹಾಕಬೇಕಾದ ಆ ಮುಂಡವನ್ನು ವೀರಾವೇಶದಿಂದ ಹೊತ್ತೊಯ್ದು ತನ್ನದೇ ತಂಡದ ಗುಂಡಿಗೆ ಹಾಕಿದವನು. ತಮ್ಮ ಹಾಡಿನಲ್ಲಿ ಮಾತ್ರ ಏಳು ಕಣಿವೆಗಳ ಸವಾರರು ಅವನ ಹೆಸರು ಕೇಳಿ ನಡುಗಿದರು. ಕೇಳುತ್ತ ಕೇಳುತ್ತ ನನಗೂ ಆ ಗಂಡಸಿನ ಮೇಲೆ ಮನಸ್ಸಾಯಿತು, ಮಾನ್ಯರೇ, ಮುಚ್ಚಿಡುವುದೇಕೆ. ತಮ್ಮ ಹಾಡಿನಲ್ಲಿರುವ ಆ ಗಂಡನನ್ನು ಒಂದು ಸಲ ನಮ್ಮ ಮನೆಗೆ ಕಳಿಸಿಕೊಡಬೇಕಾಗಿ ಕೋರುತ್ತೇನೆ. ನನ್ನ ಬೆನ್ನು ಇನ್ನೂ ಬಾಗಿಲ್ಲ, ಹಲ್ಲುಗಳು ಬಹುಪಾಲು ನನ್ನವೇ, ಮತ್ತು ಚಹಾದ ಬಗ್ಗೆ ಅವರು ತಕರಾರು ಮಾಡಲಾರರೆಂದು ತಮ್ಮ ಹಾಡಿನಿಂದಲೇ ಗೊತ್ತಾಗುತ್ತದೆ.

ತಮ್ಮ ಕಂಠ ಹೊಳೆಯಾಚೆಗೂ ಕೇಳಿದ್ದರಿಂದ ಆದ ಒಂದು ಉಪಕಾರವನ್ನೂ ಇಲ್ಲಿ ಸ್ಮರಿಸಬೇಕು. ಅದೇ ದಿನ ಮುಂದಿನ ಊರಿನಲ್ಲಿ ದೊಡ್ಡ ಅಧಿಕಾರಿಯೊಬ್ಬರು ತೀರಿಕೊಂಡಿದ್ದರು. ಅವರ ಸಾವಿಗೆಂದು ಹೊರಟಿದ್ದ ದೊಡ್ಡ ಮನುಷ್ಯರ ಕಾರುಗಳು ನಮ್ಮ ಸೇತುವೆಯ ಹತ್ತಿರ ಬಂದಾಗ "ಜನನಾಯಕನೇ, ಅನಾಥರ ತಂದೆಯೇ" ಎಂಬ ತಮ್ಮ ಆಲಾಪ ಕೇಳಿ, ಇದೇ ಗುಡಾರವೆಂದು ತಿಳಿದು ನಮ್ಮ ಅಂಗಳಕ್ಕೆ ತಿರುಗಿದವು. ಸಾವಿನ ಮನೆಗೆ ಬರುವ ಗಂಡಸು ದೂರದಿಂದಲೇ ಗೋಳಾಡುತ್ತ ಬರಬೇಕು, ಸತ್ತವರು ಯಾರೆಂದು ವಿಚಾರಿಸಿಕೊಂಡು ಅಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೀಗಾಗಿ ಆ ಮಹನೀಯರು ಕಾರಿನ ಬಾಗಿಲು ತೆರೆಯುತ್ತಲೇ "ಅಯ್ಯೋ ನನ್ನ ಕರುಳೇ! ಅಯ್ಯೋ ನನ್ನ ಹಿರಿಯಣ್ಣನೇ!" ಎಂದು ಬಿಳಿ ಟೊಪ್ಪಿ ಅಲುಗಾಡುವಂತೆ ಅತ್ತರು. ಸಾವಿಗೆ ಬಂದವರನ್ನು ತಿದ್ದುವುದೂ ನಮ್ಮಲ್ಲಿ ಮರ್ಯಾದೆಯಲ್ಲದ್ದರಿಂದ ಯಾರೂ ಏನೂ ಹೇಳಲಿಲ್ಲ. ಅವರು ಕುದುರೆ ಮಾಂಸ ಉಂಡರು, ಹುಳಿ ಕುದುರೆಹಾಲು ಕುಡಿದರು, ಒಬ್ಬರು ಎದ್ದು ನಿಂತು ಈ ಜಿಲ್ಲೆಗೆ ರಸ್ತೆ ತಂದವರು ಇವರೇ ಎಂದು ಭಾಷಣ ಮಾಡಿದರು. ಕಪಾರ್ ರಸ್ತೆ ತಂದವನಲ್ಲ, ಅದೇ ರಸ್ತೆಯ ಹೊಂಡದಲ್ಲಿ ಬಿದ್ದು ಮೊಣಕಾಲು ಮುರಿದುಕೊಂಡವನು. ಹೊರಡುವಾಗ ಅವರು "ಸಾಹೇಬರ ದೊಡ್ಡ ಮಗ ಕಾಣಿಸ್ಲಿಲ್ಲವಲ್ಲ?" ಎಂದು ಕೇಳಿದರು. ನಮಗಿರುವುದು ಇಬ್ಬರು ಹೆಣ್ಣುಮಕ್ಕಳು. ಬುರುಲ್ ಅತ್ತಿಗೆ ಕಣ್ಣು ಮಿಟುಕಿಸದೆ "ದಾರೀಲಿದಾನೆ" ಎಂದರು. ಅಂದಿನಿಂದ ಊರಿನಲ್ಲಿ ಅತ್ತಿಗೆಯ ನಡಿಗೆಯೇ ಬದಲಾಗಿದೆ.

ಇಷ್ಟೆಲ್ಲ ಉಪಕಾರ ಮಾಡಿದ ತಮ್ಮ ಮೇಲೆ ದೂರೇ ಎಂದು ತಾವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಆಲಿಸಬೇಕು.

ಆ ಕಾರುಗಳು ಹೋದ ಮೇಲೆ ಎಸೆನ್ ಬಂದ. ಎಸೆನ್ ಎಂದರೆ ಕಪಾರ್‌ನ ಜೊತೆಗೇ ಬೆಳೆದು, ಜೊತೆಗೇ ಕುರಿ ಕಾಯ್ದು, ಕಳೆದ ಕೆಲವು ವರ್ಷಗಳಿಂದ ಒಂದು ಕುದುರೆಯ ದೆಸೆಯಿಂದ ಅವನ ಜೊತೆ ಮಾತು ಬಿಟ್ಟಿದ್ದವನು. ಅವನು ಗುಡಾರದ ಹೊರಗೆ ಕೋಲೂರಿ ನಿಂತು ಗೋಳಾಡಲು ಶುರುಮಾಡಿದ. "ಲೇ ಕಪಾರ್, ಕುಂಟು ಕುದುರೇನ ನನ್ನ ತಲೆಗೆ ಕಟ್ಟಿದ್ಯಲ್ಲೋ! ಅದು ಕುಂಟು ಅಂತ ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು ಕಣೋ! ಒಂದಿನ ನೀನು ಬಂದು ತಪ್ಪಾಯ್ತು ಅಂತೀಯ, ನಾನು ಎರಡು ಬಾರಿಸಿ ಚಹಾ ಕುಡಿಸೋಣ ಅಂತ ಕಾಯ್ತಾ ಇದ್ನಲ್ಲೋ, ಇನ್ನು ಯಾರಿಗೆ ಕಾಯ್ಲೋ ಕಳ್ಳ!" ಮಾನ್ಯರೇ, ಆ ಎರಡು ದಿನಗಳಲ್ಲಿ ನನ್ನ ಗಂಡನ ಹೆಸರು ನನಗೆ ಕೇಳಿಸಿದ್ದು ಅದೇ ಮೊದಲು. ಎದೆಯೊಳಗೆ ಕಲ್ಲಿನ ಹಾಗೆ ಕೂತಿದ್ದದ್ದು ಅಲುಗಾಡಿತು, ಗಂಟಲಿಗೆ ಬಂತು, ನಾನು ಅಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ ಎಸೆನ್‌ನ ಮಾತು ಯಾರಿಗೂ ಕೇಳದಿರಲೆಂದು ತಮ್ಮ ಪೆಟ್ಟಿಗೆಯ ಗುಂಡಿ ತಿರುಗಿಸಿ ಧ್ವನಿ ಏರಿಸಿದರು. ತಾವು "ಓ ಬಯಲಿನ ಸಿಂಹವೇ" ಎಂದು ಗುಡಾರ ನಡುಗುವಂತೆ ಹಾಡಿದಿರಿ. ಎಸೆನ್ ಬಾಯಿ ಮುಚ್ಚಿದ, ನನ್ನ ಅಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮಾರನೆಯ ದಿನ ಕಪಾರ್‌ನನ್ನು ಮಣ್ಣು ಮಾಡಿದಾಗಲೂ ಅದು ಬರಲಿಲ್ಲ. ಊರಿನ ಹೆಂಗಸರು, "ಯಂತ್ರಕ್ಕೂ ಕಣ್ಣೀರು ಬಂತು, ಇವಳಿಗೆ ಬರ್ಲಿಲ್ಲ ನೋಡ್ರೇ" ಎಂದು ಮೂಗಿನ ಮೇಲೆ ಬೆರಳಿಟ್ಟರು. ನಾನು ಅವನನ್ನು ಪ್ರೀತಿಸುತ್ತಿದ್ದೆ, ಮಾನ್ಯರೇ. ಆದರೆ ನನ್ನ ಮನೆಯಿಂದ ಹೊರಟ ಹೆಣ ಯಾರೋ ಜನನಾಯಕನದ್ದು, ಪರಿಚಯವಿಲ್ಲದವರಿಗಾಗಿ ಅಳಲು ನನಗೆ ಸಂಕೋಚವಾಯಿತು. ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಅಂದು ತಾವು ನನ್ನ ಬಾಯಿಂದ ಕಸಿದುಕೊಂಡ ಆ ಅಳುವನ್ನು, ಎಲ್ಲಿಟ್ಟಿದ್ದರೂ ಹುಡುಕಿ, ಟಪಾಲಿನಲ್ಲಾದರೂ ಸರಿ, ಮರಳಿಸಬೇಕು.

ಇಲ್ಲಿಯವರೆಗೆ ಬರೆದಿಟ್ಟು, ತಮ್ಮಿಂದ ಆ ಕೆಲಸ ಆದೀತೇ ಎಂದು ಅನುಮಾನಿಸುತ್ತಿರುವಷ್ಟರಲ್ಲಿ ನಲವತ್ತನೆಯ ದಿನದ ಊಟ ಬಂತು. ಸತ್ತವನ ಆತ್ಮ ಅಂದು ಮನೆ ಬಿಟ್ಟು ಹೋಗುತ್ತದೆ. ಅಂದು ಅಳದ ಹೆಂಡತಿ ಮತ್ತೆಂದೂ ಅಳುವವಳಲ್ಲ ಎಂದು ಊರು ತೀರ್ಮಾನಿಸುತ್ತದೆ. ಬುರುಲ್ ಅತ್ತಿಗೆ ತಮ್ಮನ್ನೇ ಮತ್ತೆ ಕರೆಸಿದ್ದರು, ಈ ಸಲ ಬಿಕ್ಕಳಿಕೆ ಸಮೇತ. ನಾನು ತಮ್ಮನ್ನು ಗೌರವದಿಂದ ಎತ್ತಿಸಿ ಕುರಿದೊಡ್ಡಿಯಲ್ಲಿ ಪ್ರತಿಷ್ಠಾಪಿಸಿದೆ. ಅಲ್ಲಿಯೂ ತಾವು ಕರ್ತವ್ಯಕ್ಕೆ ಚ್ಯುತಿ ಬಾರದಂತೆ ಹಾಡಿದಿರಿ. ಮುದಿ ಟಗರೊಂದು ಗಮನವಿಟ್ಟು ಕೇಳಿತೆಂದು ಸಂತೋಷದಿಂದ ತಿಳಿಸುತ್ತೇನೆ. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ, ತೊಡೆಯ ಮೇಲೆ ದಪ್ಪ ದಿಂಬೊಂದನ್ನು ಇಟ್ಟುಕೊಂಡು, ಚಿವುಟುವವರು ಚಿವುಟಲಿ ಎಂದು, ಹಾಡಿದೆ.

"ಕುದಿಯೋ ಚಹಾ ಕೊಟ್ರೂ ತಣ್ಣಗಿದೆ ಅಂತಿದ್ದವನೇ,
ಬಾಗಿಲು ನಾಳೆ ಸರಿ ಮಾಡ್ತೀನಿ ಅಂದವನೇ,
ಎಷ್ಟು ನಾಳೆ ಬಂದು ಹೋದ್ವೋ, ಬಾಗಿಲು ಇನ್ನೂ ಕಿರ್ರೆನ್ನುತ್ತೆ,
ನೀನೇ ಬಂದೆ ಅಂತ ತಿರುಗಿ ನೋಡ್ತೀನಿ, ಗಾಳಿ ಬಂದಿರುತ್ತೆ.
ನಿಮ್ಮದೇ ಗುಂಡಿಗೆ ಮೇಕೆ ಹಾಕಿ ಊರನ್ನೆಲ್ಲ ನಗಿಸಿದವನೇ,
ಎಲ್ಲರಿಗಿಂತ ಜೋರಾಗಿ ನೀನೇ ನಕ್ಕೆ, ಆ ನಗೆಗೆ ನಾನು ಸೋತೆ.
ಸೀದ ರೊಟ್ಟಿನ ಬೈಕೊಂಡು ಬೈಕೊಂಡು ತಿಂದವನೇ,
ಬೈದರೂ ಒಳ್ಳೇ ರೊಟ್ಟಿನ ನನ್ನ ಕಡೆಗೇ ತಳ್ಳಿದವನೇ,
ಈಗ ನನ್ನ ರೊಟ್ಟಿ ಸೀಯೋದೇ ಇಲ್ಲ ಕಣೋ,
ಮಾತಾಡಿಸಿ ಮೈಮರೆಸೋಕೆ ನೀನಿಲ್ಲ ಕಣೋ."

ಹೆಂಗಸರು ಮೊದಲು ತಲೆವಸ್ತ್ರದ ಅಂಚು ಬಾಯಿಗೆ ಒತ್ತಿ ನಕ್ಕರು, ಆಮೇಲೆ ಅದೇ ಅಂಚಿನಿಂದ ಕಣ್ಣೊರೆಸಿಕೊಂಡರು. ನನ್ನ ಅಳು ಯಾವ ಸಾಲಿನಲ್ಲಿ ಬಂತೋ ನನಗೇ ತಿಳಿಯಲಿಲ್ಲ. ಬಂದದ್ದು ನಿಲ್ಲಲೂ ಇಲ್ಲ. ಹೊರಗಿನಿಂದ ಎಸೆನ್ "ಕುದುರೆ ವಿಷ್ಯಾನೂ ಹೇಳಮ್ಮ!" ಎಂದು ಕೂಗಿದ. ದಿಂಬಿನ ಮೇಲೆ ಒಂದು ಕೈ ಬಿತ್ತು. ಬುರುಲ್ ಅತ್ತಿಗೆಯದ್ದು, ಆದರೆ ಚಿವುಟಲಿಲ್ಲ. "ಚಿಕ್ಕವನಿದ್ದಾಗ ಕೆನೆ ಕದ್ದು ತಿಂದು ನನ್ನ ಬಾಯಿಗೆ ಒರೆಸಿ ಹೋಗ್ತಿದ್ದ ಕಣೇ. ಅಮ್ಮನ ಹತ್ರ ನಾನು ಹೊಡೆಸ್ಕೊತಿದ್ದೆ. ಅದನ್ನೂ ಸೇರಿಸೇ, ಅದನ್ನೂ ಸೇರಿಸು" ಎಂದು ನನ್ನ ಭುಜಕ್ಕೆ ಹಣೆ ಹಚ್ಚಿ, ಯಾರು ಕೇಳಿದರೇನು ಎಂಬಂತೆ ಅತ್ತರು. ಇಷ್ಟು ದಿನ ಜನನಾಯಕನ ಅಕ್ಕನಾಗಿ ತಲೆಯೆತ್ತಿ ಓಡಾಡುತ್ತಿದ್ದ ಆ ಹೆಂಗಸು ತನ್ನ ತಮ್ಮನಿಗಾಗಿ ಅತ್ತೇ ಇರಲಿಲ್ಲವೆಂದು ನನಗೆ ಆಗ ಹೊಳೆಯಿತು. ನಾನು ಸೇರಿಸಿದೆ.

ಆದ್ದರಿಂದ ಮೇಲಿನ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ತಾವು ಹುಡುಕುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಕುರಿದೊಡ್ಡಿಯಲ್ಲಿ ತಮಗೆ ಅಂಟಿದ ಗೊಬ್ಬರಕ್ಕಾಗಿ ಮಾತ್ರ ಕ್ಷಮೆ ಯಾಚಿಸುತ್ತ, ತಮ್ಮ ಕೀರ್ತಿ ಹೀಗೆಯೇ, ಆದಷ್ಟು ದೂರದ ಊರುಗಳಲ್ಲಿ, ಬೆಳಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಉರ್ಕಿಯಾ
ಕಪಾರ್‌ನ ಹೆಂಡತಿ

ಮರೆತ ಮಾತು: ಈ ಪತ್ರ ಮುಗಿಸಿ ಅಂಟು ಹಚ್ಚುವಷ್ಟರಲ್ಲಿ ತಮ್ಮ ಕಂಪನಿಯ ನಿರ್ದೇಶಕರೇ ಫೋನ್ ಮಾಡಿದರು. ತಮ್ಮನ್ನು ಕುರಿಗಳ ಜೊತೆ ಕೂಡಿಹಾಕಿದ್ದಕ್ಕೆ ಗದರಿಸುತ್ತಾರೇನೋ ಎಂದುಕೊಂಡೆ. ಅವರ ತಾಯಿ ನಿನ್ನೆ ತೀರಿಕೊಂಡರಂತೆ. ತಮ್ಮನ್ನು ಕಾರಿನಲ್ಲಿ ತಂದವನು ನನ್ನ ಹಾಡಿನ ವಿಷಯ ಅವರಿಗೆ ಹೇಳಿದ್ದನಂತೆ. ತಾವು ಆ ಮನೆಯಂಗಳದ ಗುಡಾರದಲ್ಲೇ ಇದ್ದೀರಿ, ಬೆಳಗಿನಿಂದ ಬಹಳ ಚೆನ್ನಾಗಿ ಹಾಡುತ್ತಿದ್ದೀರಿ ಎಂದೂ ತಿಳಿಯಿತು. ಅವರು, "ಅಕ್ಕಾ, ಇದು ಯಾರದೋ ಅಮ್ಮನ ಬಗ್ಗೆ ಹಾಡ್ತಾ ಇದೆ. ನಮ್ಮಮ್ಮ ಬಾಯಿ ಬಿಟ್ರೆ ಬೈತಿದ್ಲು. ನೀವೇ ಬರ್ತೀರಾ?" ಎಂದರು. ಹೊರಟಿದ್ದೇನೆ. ನಾನು ಬಂದು ಮುಟ್ಟುವುದರೊಳಗೆ ತಾವು ದಯವಿಟ್ಟು ಗುಡಾರದಿಂದ ಹೊರಗೆ ಬಂದು ಜಾಗ ಬಿಟ್ಟಿರಬೇಕು, ಮಗನಿಗೆ ಅಳಬೇಕಾಗಿದೆ.