ಚಪಾತಿ ಮಣೆಯ ಮೇಲೆ ಕಂಪ್ಯೂಟರ್

ಕಂಪ್ಯೂಟರನ್ನು ಬದನೆಕಾಯಿಯ ಹಾಗೆ ಒತ್ತಿ, ತಿರುಗಿಸಿ, ಮೂಸಿ ನೋಡಿ ಕೊಂಡವರು ಇಡೀ ಮುಂಬಯಿಯಲ್ಲಿ ಒಬ್ಬರೇ ಇದ್ದರೆ, ಅವರು ನಮ್ಮ ಮಾವ! ಮಾವ ಎಂದರೆ ನನ್ನ ಅಪ್ಪನ ತಂಗಿಯ ಗಂಡ. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾಗಿ ಮುಲುಂಡಿನಲ್ಲಿ ನೆಲೆಸಿದವರು. ಸಾವಿರದ ಒಂಬೈನೂರ ತೊಂಬತ್ತರ ಆಚೀಚೆಯ ಮಾತು. ಅಂಧೇರಿಯ ಆಫೀಸಿನಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆಂಬ ಒಂದೇ ಅಪರಾಧಕ್ಕೆ ನನ್ನ ಶನಿವಾರಗಳೆಲ್ಲ ಅವರ ಪಾಲಾದವು.

ಅವರಿಗೆ ಬೇಕಾದದ್ದು ಕಾರು ಓಡಿಸುವ ಆಟದ ಕಂಪ್ಯೂಟರ್. ಅದೂ ಅಗ್ಗದಲ್ಲಿ, ಬಿಡಿಭಾಗ ತಂದು ಜೋಡಿಸಿದ್ದು. ಮನೆಯಲ್ಲಿ ನೋಡಿದರೆ ಅತ್ತೆಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ಬೆರಳು ಆಡಿಸಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆಸೆದು ಗೋಡೆ ಕಡೆ ತಿರುಗಿ ಮಲಗಿದ್ದರು. ಇಂಥ ಹೊತ್ತಿನಲ್ಲಿ ಈ ಮನುಷ್ಯನಿಗೆ ಆಟವೇ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಬೇಡವೆಂದರು. ಆಟ ಫ್ಲಾಪಿಯಲ್ಲೇ ಇರುವಾಗ, ಒಂದು ದೋಸೆ ಹೊಯ್ಯಲು ಇಡೀ ಉಗ್ರಾಣ ಯಾಕೆ ಎಂಬುದು ಅವರ ವಾದ. ಬಣ್ಣದ ಮಾನಿಟರಿಗೆ ಮಾತ್ರ ಹಟ! ಕಪ್ಪುಬಿಳುಪಿನದು ಕೊಂಡರೆ ಉಳಿದುದರಲ್ಲಿ ಏನೆಲ್ಲ ಬರುತ್ತದೆಂದು ಹೇಳಿದೆ. ಅವರು ಬಣ್ಣದ್ದಕ್ಕೇ ದುಡ್ಡು ಎಣಿಸಿದರು.

ಆಮೇಲೆ ಜಾಯ್‌ಸ್ಟಿಕ್. ಇಷ್ಟು ವ್ಯಾಪಾರ ಮಾಡಿದ್ದಕ್ಕೆ ಅದನ್ನು ಕೊಸರಾಗಿ ಕೊಡಬೇಕಂತೆ, ತರಕಾರಿಯವನು ಕೊತ್ತಂಬರಿ ಹಾಕುವ ಹಾಗೆ. ಕೊಸರು ಎಂದರೇನೆಂದು ಅಂಗಡಿಯ ಸೇಠನಿಗೆ ಹಿಂದಿಯಲ್ಲಿ ವಿವರಿಸುವಷ್ಟರಲ್ಲಿ ನನ್ನ ಜೀವ ಅರ್ಧವಾಯಿತು. ಅವನು ಒಪ್ಪಿದ ಮೇಲಾದರೂ ಒಂದನ್ನು ಎತ್ತಿಕೊಳ್ಳಬಾರದೇ? ಒಂದೊಂದನ್ನೂ ಎರಡೇ ಬೆರಳಲ್ಲಿ, ಬಲ ಹಾಕದೆ ದೂಡಿ ನೋಡಿದರು. ಚೂರು ಬಿಗಿ ಎನಿಸಿದ್ದೆಲ್ಲ ವಾಪಸ್. ಅಂಗಡಿಯವರು ನಗುತ್ತಿದ್ದರು, ನಾನು ಬೀದಿ ನೋಡುತ್ತಿದ್ದೆ.

ಕ್ಯಾಬಿನೆಟ್ಟಂತೂ ಕೊಳ್ಳಲೇ ಇಲ್ಲ. ಖಾಲಿ ಡಬ್ಬಿಗೆ ದುಡ್ಡು ಕೊಡುವುದುಂಟೇ ಎಂದು, ಮನೆಯಲ್ಲಿ ಜೋಡಿಸಲು ಕೂತಾಗ ಹೋಟೆಲಿನ ಹಳೆಯ ಸ್ಟೀಲ್ ತಟ್ಟೆಯನ್ನು ಮುಂದಿಟ್ಟರು. ಲೋಹದ ಮೇಲೆ ಮದರ್‌ಬೋರ್ಡ್ ಇಟ್ಟರೆ ಸುಟ್ಟುಹೋಗುತ್ತದೆ ಎಂದು ನಾನು ಗದರಿದೆ. ಒಳಗೆ ಹೋಗಿ ಅತ್ತೆಯ ದೊಡ್ಡ ಚಪಾತಿ ಮಣೆ ತಂದರು. ಅದಕ್ಕೆ ಕೆಲಸವಿಲ್ಲದೆ ತಿಂಗಳುಗಳಾಗಿದ್ದವು. ಹಲ್ಲು ಕಚ್ಚಿಕೊಂಡು ಅದರ ಮೇಲೇ ಸ್ಕ್ರೂ ಹೊಡೆದೆ.

ಅತ್ತೆಯ ಮಂಚದ ಪಕ್ಕದಲ್ಲೇ ಮಾವ ಆಟಕ್ಕೆ ಕೂತರು. ಕಾರು ಹೊರಟದ್ದೇ ಮರಕ್ಕೆ ಗುದ್ದಿತು. ಮತ್ತೆ ಹೊರಟಿತು, ಮತ್ತೆ ಮರ. ರಸ್ತೆ ಬಲಕ್ಕೆ ತಿರುಗಿದರೆ ಇವರು ಎಡಕ್ಕೆ! ಇಷ್ಟು ದಡ್ಡರೇ ಎಂದು ನಾನು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಗೋಡೆ ಕಡೆಗಿದ್ದ ಮುಖ ಇತ್ತ ಹೊರಳಿತು.

"ಎಂತ ಓಡಿಸುದು ಹಾಗೆ? ಕೊಡಿ ಇಲ್ಲಿ."

ಮಾವ ಜಾಯ್‌ಸ್ಟಿಕ್ಕನ್ನು ಅತ್ತೆಯ ಬಲಗೈ ಕೆಳಗಿಟ್ಟು, ಸೋತ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದರು. ಕಾರು ತೂರಾಡಿತು, ಹುಲ್ಲಿಗಿಳಿಯಿತು. ಆಮೇಲೆ ಅತ್ತೆಯ ಎರಡು ಬೆರಳು ಅಲುಗಿದವು. ಕಾರು ತಿರುವು ದಾಟಿತು. ಅಂಗಡಿಯಲ್ಲಿ ಬಿಗಿಯಾದದ್ದನ್ನೆಲ್ಲ ಮಾವ ವಾಪಸ್ ಇಟ್ಟದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಪರದೆಯಿಂದ ಕಣ್ಣು ಕೀಳದೆ ಅತ್ತೆ ಹೇಳಿದರು, "ಕೈ ಸರಿಯಾದ ಮೇಲೆ ನನ್ನ ಮಣೆ ನನಗೆ ಬೇಕು, ಆಯ್ತಾ?"

ಕೈ ಸರಿಯಾಗುವ ಮಾತನ್ನು ಅವರು ಆಡಿದ್ದು ಅದೇ ಮೊದಲು. ಮಾವ ಆಗಲೇ ಕಣ್ಣೊರೆಸಿಕೊಳ್ಳುತ್ತ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು.