ಸೂರ್ಯನಿಗೆ ಕೊಟ್ಟ ಪೆನ್ನು

ಮೂರನೇ ಕ್ಲಾಸಿನ ಮಕ್ಕಳಿಗೆ ಸೂರ್ಯನ ಪಾಠ ಮಾಡಲು ಹೋಗಿ ಮರ್ಯಾದೆ ಉಳಿಸಿಕೊಂಡವರು ಕಡಿಮೆ. ನಾನು ಮೈಸೂರಿನವಳು, ಟೀಚರ್ ಕೆಲಸ ಸಿಕ್ಕಿದ್ದು ಕೇರಳದಲ್ಲಿ. ಮೊದಲ ವರ್ಷ ತಿರುವನಂತಪುರ, ಎರಡನೇ ವರ್ಷ ಕೊಚ್ಚಿ. ಎರಡು ವರ್ಷವಾದ ಮೇಲೆ ತಪಾಸಣೆಯ ಅಧಿಕಾರಿ ಒಳ್ಳೆಯ ವರದಿ ಬರೆದರಷ್ಟೇ ಕೆಲಸ ಕಾಯಂ. ಆ ಭಯವನ್ನು ಸೆರಗಿಗೆ ಕಟ್ಟಿಕೊಂಡೇ ಎರಡೂ ಊರಲ್ಲಿ ಪಾಠ ಮಾಡಿದೆ.

ಸೇರದ ಜೋಡಿ

ಸೂರ್ಯನೊಳಗೆ ಸೌದೆಯಂತೆ ಏನೂ ಉರಿಯುವುದಿಲ್ಲ, ಹೈಡ್ರೋಜನ್ ಕಣಗಳು ಬೆಸೆದುಕೊಂಡು ಹೀಲಿಯಂ ಆಗುತ್ತವೆ, ಆಗ ಬೆಳಕು ಹುಟ್ಟುತ್ತದೆ ಎಂದೆ. ತಿರುವನಂತಪುರದ ಮಕ್ಕಳು ಆಕಳಿಸಿದರು. ಸರಿ, ಒಂದು ಆಟ ಕಟ್ಟಿದೆ. ಪ್ರತಿ ಮಗುವೂ ಒಂದು ಹೈಡ್ರೋಜನ್. ನಾಲ್ವರು ಓಡಿಬಂದು ತಬ್ಬಿಕೊಂಡರೆ ಒಂದು ಹೀಲಿಯಂ. ಬೆಸೆದ ಮೇಲೆ ತೂಕ ಚೂರು ಕಡಿಮೆಯಾಗಿ ಅದೇ ಬೆಳಕಾಗುತ್ತದಲ್ಲ, ಅದಕ್ಕೆ ತಮ್ಮ ಹತ್ತಿರ ಇದ್ದ ಒಂದು ವಸ್ತುವನ್ನು ನನಗೆ ಕೊಡಬೇಕು. ಕೊಟ್ಟ ಕೂಡಲೇ ನಾನು ಟಾರ್ಚ್ ಹಾಕುತ್ತೇನೆ.

ಬೆಳಿಗ್ಗೆ ಜಗಳವಾಡಿದ್ದ ಇಬ್ಬರು ಹುಡುಗರು ತಬ್ಬಿಕೊಳ್ಳಲು ಒಪ್ಪಲಿಲ್ಲ. ನನಗೆ ಖುಷಿಯೇ ಆಯಿತು. ನಿಜವಾದ ಕಣಗಳೂ ಹೀಗೇ ದೂರ ತಳ್ಳುತ್ತವೆ, ಭಯಂಕರ ಸೆಕೆಯಲ್ಲಿ ಮಾತ್ರ ಸೇರುತ್ತವೆ ಎಂದು ವಿವರಿಸಿದೆ. ಹಿಂದಿನ ಬೆಂಚಿನವಳು ಎದ್ದು ಫ್ಯಾನ್ ಆರಿಸಿ ಕಿಟಕಿಗಳನ್ನೆಲ್ಲ ಮುಚ್ಚಿದಳು. ಮಾರ್ಚ್ ತಿಂಗಳು. ಐದೇ ನಿಮಿಷಕ್ಕೆ ಇಬ್ಬರೂ ಬೆವರಿ ರಾಜಿಯಾದರು, ಟಾರ್ಚ್ ಒತ್ತುವಷ್ಟು ಶಕ್ತಿ ನನಗೇ ಉಳಿದಿರಲಿಲ್ಲ.

ಮೀನಿನ ತೂಕ

ತೂಕ ಯಾಕೆ ಕಡಿಮೆಯಾಗಬೇಕು ಎಂದು ಒಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ, ವಿಳಿಂಜಂ ಕಡಲತೀರದಲ್ಲಿ ಮೀನು ಮಾರುವಾಕೆಯ ಮಗಳು ಉತ್ತರ ಕೊಟ್ಟಳು. ನಾಲ್ಕು ಮೀನು ತೂಗು, ಕ್ಲೀನ್ ಮಾಡಿ ಮತ್ತೆ ತೂಗು, ಕಡಿಮೆಯೇ ಬರುತ್ತದೆ. ಕಡಿಮೆಯಾದದ್ದು ಬೆಕ್ಕಿಗೆ.

"ಹಾಗಾದ್ರೆ ಸೂರ್ಯನ ಬೆಳಕು?" ಹುಡುಗ ಬಿಡಲಿಲ್ಲ.

"ಅದೂ ಹಂಗೇ. ನಾವೇ ಬೆಕ್ಕು."

ಬಿಎಸ್ಸಿಯಲ್ಲಿ ನಾನು ಓದಿದ್ದೂ ಹೆಚ್ಚುಕಡಿಮೆ ಇದನ್ನೇ. ಬೆಕ್ಕು ಮಾತ್ರ ಸಿಲೆಬಸ್ಸಿನಲ್ಲಿ ಇರಲಿಲ್ಲ.

ತಪಾಸಣೆ

ಕೊಚ್ಚಿಯ ತ್ರಿಪ್ಪುಣಿತ್ತುರದ ಮಕ್ಕಳಿಗೂ ಅದೇ ಆಟ ಕಲಿಸಿದ್ದೆ. ಅಧಿಕಾರಿ ಬಂದರು. ಕ್ಲಾಸಿನ ನಡುವೆ ನಿಂತು, ಸೂರ್ಯನೊಳಗೆ ಏನು ಉರಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು. ಒಂದು ಮಗುವೂ ಬಾಯಿ ಬಿಡಲಿಲ್ಲ. ಅವರು ಫೈಲ್ ತೆರೆದು ಪೆನ್ನು ಕೈಗೆತ್ತಿಕೊಂಡರು. ಮುಗಿಯಿತು, ಮೈಸೂರಿಗೆ ಟಿಕೆಟ್ ತೆಗೆಸಬೇಕು ಅಂದುಕೊಂಡೆ.

ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಮೂವರು ಎದ್ದು ಓಡಿದರು. ಓಡಿದವರು ಅಧಿಕಾರಿಯನ್ನು ಗಟ್ಟಿಯಾಗಿ ತಬ್ಬಿಕೊಂಡರು. ನಾಲ್ಕನೇ ಹೈಡ್ರೋಜನ್ ಅವರೇ. ಒಬ್ಬಳು ಅವರ ಕೈಯಿಂದ ಪೆನ್ನು ಕಿತ್ತು ನನಗೆ ತಂದುಕೊಟ್ಟಳು.

"ಟಾರ್ಚ್ ಹಾಕಿ ಟೀಚರೇ."

ಹಾಕಿದೆ. ಅವಳು ಅಧಿಕಾರಿಯತ್ತ ತಿರುಗಿದಳು. "ಏನೂ ಉರಿಯಲ್ಲ ಸಾರ್. ಸೇರಿದ್ವಿ, ಬೆಳಕು ಬಂತು."

ಅಧಿಕಾರಿ ಕನ್ನಡಕ ಜಾರುವಷ್ಟು ನಕ್ಕರು. ಹೋದ ಜೀವ ಬಂದಂತಾಯಿತು ನನಗೆ. ಅಷ್ಟು ಹಗುರವಾಗಿ ಆ ಎರಡು ವರ್ಷದಲ್ಲಿ ಒಮ್ಮೆಯೂ ಉಸಿರಾಡಿರಲಿಲ್ಲ. ಬಹಳ ಒಳ್ಳೆಯ ಪಾಠ ಎಂದೇ ಬರೆಯುತ್ತೇನೆ ಎನ್ನುತ್ತ ಅವರು ಪೆನ್ನಿಗೆ ಕೈ ಚಾಚಿದರು. ನಾನು ಕೊಡಹೋದರೆ ಹುಡುಗಿ ನನ್ನ ಕೈ ಹಿಡಿದಳು.

"ಕೊಡಬೇಡಿ ಟೀಚರೇ. ಅದು ಬೆಳಕಾಗಿ ಹೋಯ್ತು."

ಹೀಗಾಗಿ ನನ್ನ ಕೆಲಸ ಕಾಯಂ ಮಾಡಿದ ವರದಿಯ ಮೊದಲ ಸಾಲು ಇವತ್ತಿಗೂ ಆ ಹುಡುಗಿಯ ಪೆನ್ಸಿಲಿನಲ್ಲೇ ಇದೆ.