ವಿದೇಶಿ ಸೀಟು, ಸ್ವದೇಶಿ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚನ್ನು ಜನ ವಿನಾಕಾರಣ ಹೀನಾಯವಾಗಿ ಕಾಣುತ್ತಾರೆ. ನನ್ನ ಮಟ್ಟಿಗೆ ಅದೂ ಒಂದು ವ್ರತ. ನೇಮ ತಪ್ಪದೆ ಆಚರಿಸಬೇಕು. ಆದೋನಿಯಲ್ಲಿ ಗುಮಾಸ್ತನಾಗಿರುವ ನಾನು ಅದನ್ನು ಷಡ್ಡಕ ಮಲ್ಲಿಕಾರ್ಜುನನ ಮೇಲೆ ಆಚರಿಸುತ್ತ ಬಂದಿದ್ದೇನೆ. ನನ್ನ ಹೆಂಡತಿ ಗಿರಿಜೆಯ ತಂಗಿ ಪಾರ್ವತಿಯ ಗಂಡ ಅವನು, ಹತ್ತಿ ವ್ಯಾಪಾರಿ. ಮದುವೆಮನೆಗಳಲ್ಲಿ ನಮ್ಮಿಬ್ಬರನ್ನೂ ಪಕ್ಕಪಕ್ಕ ಕೂರಿಸುತ್ತಾರೆ; ಹೋಲಿಸಿ ನೋಡುವವರಿಗೆ ಅನುಕೂಲ.

ಈಚೆಗೆ ಅವನು ತನ್ನ ಮೋಟಾರ್‌ಸೈಕಲ್ಲಿಗೆ ಹೊರದೇಶದಿಂದ ಸೀಟು ತರಿಸಿದ, ಎರಡೂ ಮಗ್ಗುಲಿಗೆ ಕರಿ ಪೆಟ್ಟಿಗೆಗಳನ್ನೂ ತರಿಸಿದ. ಗಿರಿಜೆ ಸೀಟನ್ನು ಒತ್ತಿ ನೋಡಿ, "ಕೂಸಿನ ಕೆನ್ನಿ ಇದ್ದಂಗ ಐತಿ" ಅಂದಳು. ಮದುವೆಯಾದಾಗಿನಿಂದ ನನ್ನ ಯಾವ ವಸ್ತುವಿಗೂ ಆಕೆ ಉಪಮೆ ಕೊಟ್ಟದ್ದಿಲ್ಲ. ಮರುದಿನವೇ ನಾನು ವೆಲ್ಡಿಂಗ್ ಅಂಗಡಿಯ ಮಾಬುವಿನ ಮುಂದೆ ಸ್ಕೂಟರು ನಿಲ್ಲಿಸಿದೆ. ಹಿಂದೆ ಕೂರುವವರಿಗೆ ಕಾಲಿಡಲೊಂದು ತಗಡು, ಹಿಡಿಯಲೊಂದು ಹಿಡಿಕೆ ಆಗಬೇಕಿತ್ತು. ಮಾಬು ಎರಡನ್ನೂ ಬೆಸೆದು ಕೊಟ್ಟು, "ಸ್ಕೂಟರ್ ಹೋದ್ರೂ ಇದು ಹೋಗಂಗಿಲ್ಲ ಸಾರ್" ಅಂದ. ನೋಡಿದರೆ ಸ್ಕೂಟರೇ ಮೊದಲು ಹೋಗುವ ಲಕ್ಷಣವಿತ್ತು. ಗಿರಿಜೆ ಕೇಳಿದ್ದು ಒಂದೇ ಮಾತು: "ಇದನ್ನ ಯಾರ ಎತ್ತಿನಬಂಡಿಯಿಂದ ಕಿತ್ಕೊಂಡು ಬಂದೀರಿ?"

ನನ್ನ ಮಾನ ಹೀಗೆ ತೂಗಾಡುತ್ತಿರುವಾಗ ಪೆದ್ದಹರಿವಾಣದ ನೆಂಟರ ಮನೆಯಲ್ಲಿ ತೊಟ್ಟಿಲು ಕಾರ್ಯ ಬಂತು. ಎರಡು ಜೋಡಿಯೂ ನಮ್ಮ ಮನೆಯಿಂದಲೇ ಹೊರಟೆವು. ರೇಷ್ಮೆ ಸೀರೆಯ ಪಾರ್ವತಿ ಗಂಡನ ಗಾಡಿಗೆ ಪ್ರದಕ್ಷಿಣೆ ಹಾಕಿದಳು. ಒಂದೇ ಕಡೆ ಕಾಲು ಬಿಟ್ಟು ಕೂರುವವರ ಮೆಟ್ಟಿಲು, ಹಿಡಿಕೆ ಎರಡನ್ನೂ ಪೆಟ್ಟಿಗೆಗಳ ಸಲುವಾಗಿ ತೆಗೆಸಲಾಗಿತ್ತು.

"ಕಾಲು ಎಲ್ಲಿ ಇಡ್ಲಿ?"

"ಎರಡೂ ಕಡಿ ಹಾಕಿ ಕುಂದ್ರು. ಆ ದೇಶದಾಗ ಹೆಂಗಸ್ರು ಹಂಗೇ ಕುಂದಿರ್ತಾರ."

"ಆ ದೇಶದಾಗ ಹೆಂಗಸ್ರು ರೇಷ್ಮಿ ಸೀರಿ ಉಟ್ಕೊಂಡು ತೊಟ್ಲಕ್ಕ ಹೊಂಟಿರ್ತಾರೇನು?"

ನಾನು ಗಂಟಲು ಸರಿಮಾಡಿಕೊಂಡು, ಮಾಬುವಿನ ತಗಡಿನ ಮೇಲೆ ಕೈಯಿಟ್ಟು, ಸ್ವದೇಶಿ ವಸ್ತುಗಳ ಮಹತ್ವ ಕುರಿತು ನಾಲ್ಕು ಮಾತು ಆರಂಭಿಸಿದೆ. ಪಾರ್ವತಿ ಟೀಚರು, ದಿನಾ ಶಾಲೆಗೆ ಸ್ಕೂಟರಿನಲ್ಲೇ ಹೋಗುವವಳು. "ಮಾವ, ಚಾವಿ ಕೊಡ್ರಿ ಇಲ್ಲಿ" ಅಂದಳು. ಗಿರಿಜೆ ಹಿಂದೆ ಏರಿ ತಗಡಿನ ಮೇಲೆ ಪಾದವಿಟ್ಟಳು. "ಏನರ ಅನ್ನು ಪಾರು, ಕಾಲಿಗೆ ಆರಾಮ ಐತಿ." ನಾನು ಕಾದಿದ್ದ ಪ್ರಶಸ್ತಿ ತಂಗಿಯ ಕಿವಿಗೆ ಬಿತ್ತು, ಸ್ಕೂಟರು ಮೂಲೆ ತಿರುಗಿತು.

"ಬರ್ರಿ ಅಣ್ಣಾ," ಅಂದ ಮಲ್ಲಿಕಾರ್ಜುನ. "ಗಟ್ಟಿ ಹಿಡ್ಕೊಳ್ರಿ, ರೋಡು ಚಲೋ ಇಲ್ಲ." ಹಿಡಿಯಲು ಇದ್ದದ್ದು ಅವನ ಹೊಟ್ಟೆ ಮಾತ್ರ. ಯಾವ ಮನುಷ್ಯನ ಏಳಿಗೆಗೆ ವರ್ಷಗಟ್ಟಲೆ ಕರುಬಿದ್ದೆನೋ ಅವನನ್ನೇ ತಬ್ಬಿಕೊಂಡು ಪೇಟೆಯ ನಡುವೆ ಸಾಗಿದೆ. ಚಹಾ ಅಂಗಡಿಯಿಂದ ನಮ್ಮ ಕಚೇರಿಯವನೊಬ್ಬ, "ಷಡ್ಡಕರಂದ್ರ ಹಿಂಗಿರಬೇಕು ನೋಡ್ರಿ" ಅಂದದ್ದೂ ಕೇಳಿಸಿತು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಸೀಟಿನ ಸುಖ. ದಾರಿಯ ಹೊಂಡಗಳೆಲ್ಲ ಕಣ್ಣಿಗೆ ಕಂಡವು, ಸೊಂಟಕ್ಕೆ ಒಂದೂ ತಿಳಿಯಲಿಲ್ಲ.

ಊರು ಮುಟ್ಟಿದೊಡನೆ ಗಿರಿಜೆ ಕೇಳಿದಳು, "ಸೀಟು ಹೆಂಗಿತ್ತು?"

ನಾನು ಸೊಂಟ ಹಿಡಿದುಕೊಂಡು ಇಳಿದೆ. "ಕಲ್ಲು. ಬೆನ್ನು ಮುರಿದು ಹೋಯ್ತು."

ಆಕೆ ನಂಬಿದಳು. ಊಟವಾದ ಮೇಲೆ ಕರುಣೆಯಿಂದ, "ಹೋಗುವಾಗ ನೀವು ಬಸ್ಸಿಗೆ ಬರ್ರಿ ಪಾಪ" ಎಂದು ನಿಲ್ದಾಣದವರೆಗೂ ಬಂದು ಹತ್ತಿಸಿದಳು. ಬಸ್ಸು ತುಂಬಿತ್ತು, ಕಂಬಿ ಹಿಡಿದು ನಿಂತೆ. ಊರಾಚೆ ಮಲ್ಲಿಕಾರ್ಜುನ ಹಾರ್ನು ಹೊಡೆಯುತ್ತ ನಮ್ಮನ್ನು ದಾಟಿದ. ಅವನ ಹಿಂದೆ ನನ್ನ ಜಾಗದಲ್ಲಿ, ನೆಂಟರು ಕೊಟ್ಟ ಒಂದು ಕುಂಬಳಕಾಯಿ, ಹಗ್ಗ ಕಟ್ಟಿಸಿಕೊಂಡು, ಅಲುಗಾಡದೆ ಕೂತಿತ್ತು. ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುವುದು ನನಗೆ ರೂಢಿ. ತರಕಾರಿಯ ಮೇಲೆ ಪಟ್ಟದ್ದು ಅಂದೇ ಮೊದಲು.